ಒಂದು ಮೊರ ತೌಡು

ರಾಯಚೂರಿನ ತೀನ್ ಕಂದೀಲ್ ಚೌಕದ ಹಿಂದಿನ ಗಲ್ಲಿಯಲ್ಲಿ ಗಾದಿ ಹೊಲಿಯುವ ಮೀರಾಹುಸೇನನಿಗೆ ಮಾತಾಡಲು ಎರಡೇ ವಿಷಯ. ಒಂದು ಹತ್ತಿ, ಇನ್ನೊಂದು ರಕ್ತ. ಗಿರಾಕಿ ಹತ್ತಿ ತಂದರೆ ಒಂದು ಚಿಟಿಕೆ ತೆಗೆದು, ಎರಡು ಬೆರಳ ನಡುವೆ ಎಳೆದು, ಕಣ್ಣು ಮುಚ್ಚಿ, ‘ಇದು ಬಾಗಲವಾಡದ್ದು’ ಎನ್ನುತ್ತಿದ್ದ. ‘ಇದು ಮಲ್ಲಟದ್ದು, ಅದೂ ಕರಿ ಹೊಲದ್ದು’ ಎನ್ನುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೇ ಆಗಿರುತ್ತಿತ್ತು, ಒಪ್ಪಿಕೊಳ್ಳಲೇಬೇಕು. ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಗಲ್ಲಿಯ ಜನಕ್ಕೂ ನೆಮ್ಮದಿ ಇರುತ್ತಿತ್ತು. ಆದರೆ ಅಲ್ಲಿಂದ ರಕ್ತದ ಪುರಾಣ ಶುರುವಾಗುತ್ತಿತ್ತು.

“ಇದು ಕಲಿತು ಬರೂದಲ್ಲ ರೀ. ಏಳು ತಲಿಮಾರು ಹತ್ತಿ ಹಿಂಜಿದ ಮನಿತನ ನಮ್ದು. ರಕ್ತದಾಗ ಇರಬೇಕು, ಆವಾಗ ಬೆರಳಿಗೆ ಬರ್ತದ.”

ಒಂದು ತಲೆದಿಂಬು ಕೇಳಲು ಬಂದವನು ಏಳು ತಲೆಮಾರನ್ನೂ ಹಾಯ್ದು ಹೊರಗೆ ಬರುವಷ್ಟರಲ್ಲಿ ಮನೆಯಲ್ಲಿ ಅನ್ನ ಆರಿಹೋಗಿರುತ್ತಿತ್ತು. ಅವನ ಹೆಂಡತಿ ಜೈನಾಬ್ ಮೂವತ್ತೆಂಟು ವರ್ಷದಿಂದ ಅದೇ ಅಂಗಡಿಯ ಮೂಲೆಯಲ್ಲಿ ಕೂತು ದಿಂಬಿಗೆ ಹತ್ತಿ ತುಂಬುತ್ತಿದ್ದಳು. ಗಾದಿಯ ಅಂಚಿಗೆ ಮಾತ್ರ ಅವಳು ಸೂಜಿ ಹಾಕುವಂತಿರಲಿಲ್ಲ. ಗಾದಿಗೆ ಅಂಚೇ ಮುಖ್ಯ. ಅದು ಗಟ್ಟಿಯಾಗಿ ಕೂತರೆ ಒಳಗಿನ ಹತ್ತಿ ಹತ್ತು ವರ್ಷ ಅಲ್ಲಾಡುವುದಿಲ್ಲ. “ನಿಂದು ಬಳಿ ಮಾರೋರ ರಕ್ತ. ಅಂಚಿನ ತಂಟಿಗೆ ಬರಬ್ಯಾಡ” ಎಂದು ಮದುವೆಯಾದ ವಾರದಲ್ಲೇ ಹೇಳಿಬಿಟ್ಟಿದ್ದ. ಜೈನಾಬ್ ಅದಕ್ಕೆ ಅಂದೂ ಒಂದು ಮಾತು ಆಡಲಿಲ್ಲ, ಆಮೇಲೂ ಆಡಲಿಲ್ಲ. ಗಂಡ ರಕ್ತದ ಮಾತೆತ್ತಿದಾಗೆಲ್ಲ ತಲೆ ಬಗ್ಗಿಸಿ ದಿಂಬಿನೊಳಗೆ ಹತ್ತಿಯನ್ನು ಇನ್ನಷ್ಟು ತುರುಕುತ್ತಿದ್ದಳು.

ಇಷ್ಟು ದೊಡ್ಡ ರಕ್ತದ ಮನುಷ್ಯನಿಗೆ ವರ್ಷಕ್ಕೊಮ್ಮೆ ಒಂದು ಸಣ್ಣ ಕಿರಿಕಿರಿ ಇತ್ತು. ಎಳ್ಳಮವಾಸ್ಯೆ ಕಳೆದ ಕೂಡಲೇ ಮಾನ್ವಿಯಿಂದ ಅವನ ತಾಯಿ ರಂಜಾನಬಿಯ ಫೋನು ಬರುತ್ತಿತ್ತು. ಎಂಬತ್ಮೂರು ವರ್ಷದ ಮುದುಕಿ. ಮಗಳು ಮುಸರ್ರತ್ತಳ ಮನೆಯಲ್ಲಿದ್ದಾಳೆ ಎಂದು ಹೇಳುವುದು ವಾಡಿಕೆ. ಮುಸರ್ರತ್ತಳೇ ಆಕೆಯ ಮನೆಯಲ್ಲಿ ಇದ್ದಂತೆ ಇದ್ದಳು.

“ದೇವದುರ್ಗಕ್ಕ ಹೋಗು. ಗೋಪಮ್ಮ ತೌಡು ಕೊಡ್ತಾಳ, ತಗೊಂಡು ಬಾ.”

ಅವನು ದೇವದುರ್ಗಕ್ಕೆ ಹೋಗಿ, ತಾಯಿಯ ಹಳೆಯ ಗೆಳತಿ ಗೋಪಮ್ಮನ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಒಂದು ಮೊರದಷ್ಟು ಅಕ್ಕಿ ತೌಡನ್ನು ಚೀಲದಲ್ಲಿ ಹೊತ್ತು ಬಸ್ಸಿನಲ್ಲಿ ಮಾನ್ವಿಗೆ ತರುವನು. ತಾಯಿ ಅದನ್ನು ಒಳಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳುವಳು. ಮಾರನೆಯ ದಿನ ಅದೇ ಚೀಲವನ್ನು ಅವನ ಕೈಗಿಟ್ಟು, “ವಾಪಸ್ ಕೊಟ್ಟು ಬಾ. ಮುಂದಿನ ವರ್ಷ ನೋಡೂಣು ಅಂದಾಳ ಅನ್ನು” ಎನ್ನುವಳು. ಅವನು ಮತ್ತೆ ದೇವದುರ್ಗಕ್ಕೆ ಹೋಗಿ, “ಯವ್ವಾ, ಮುಂದಿನ ವರ್ಷ ನೋಡೂಣು ಅಂದಾಳ್ ನೋಡಬೇ” ಎನ್ನುವನು. ಗೋಪಮ್ಮ ಚೀಲ ಇಸಿದುಕೊಂಡು, ಅವನ ಗದ್ದ ಮುಟ್ಟಿ ಲಟಿಕೆ ಮುರಿದು, “ಛಲೋ ಆತು ಬಿಡಪ್ಪಾ” ಎನ್ನುವಳು. ಕೊಟ್ಟದ್ದು ವಾಪಸ್ಸು ಬಂದರೆ ಯಾರಾದರೂ ಹೀಗೆ ಖುಷಿಪಡುತ್ತಾರೆಯೇ ಎಂದು ಅವನು ದಾರಿಯುದ್ದಕ್ಕೂ ಗೊಣಗುವನು.

ಅವನಿಗೆ ಬುದ್ಧಿ ಬಂದಾಗಿನಿಂದ ಇದು ನಡೆದಿತ್ತು. ಮೊದಮೊದಲು ಮನೆಯ ಎಮ್ಮೆಗೆಂದು ತರಿಸಿದ್ದು, ಅದು ಮೂಸಿ ಒಲ್ಲೆ ಅಂದಿರಬೇಕು ಎಂದು ತಿಳಿದಿದ್ದ. ಎಮ್ಮೆ ಸತ್ತು ಮೂವತ್ತು ವರ್ಷವಾಯಿತು, ತೌಡು ನಿಲ್ಲಲಿಲ್ಲ. ಒಮ್ಮೆ ಕೇಳಿಯೂ ಕೇಳಿದ. “ಹರಕಿ ಅದ, ಬಾಯಿ ಮುಚ್ಚು” ಎಂದಿದ್ದಳು ತಾಯಿ. ಬಸ್ಸಿನ ಕಂಡಕ್ಟರು ಚೀಲಕ್ಕೆ ಲಗೇಜ್ ಟಿಕೆಟ್ ಕೇಳುವುದು, ಇವನು “ದನ ತಿನ್ನೂದಕ್ಕ ಎಂಥಾ ಟಿಕೆಟ್ರೀ” ಎಂದು ಸಿರವಾರ ಬರುವವರೆಗೂ ಜಗಳ ಕಾಯುವುದು, ಅದೂ ಹರಕೆಯ ಭಾಗವೇ ಆಗಿಹೋಗಿತ್ತು.

ಆ ಮನೆಯಲ್ಲಿ ಅವನಿಗೆ ಹಿತವಾದದ್ದೆಂದರೆ ಗೋಪಮ್ಮನ ಮಗ ಮೌನಪ್ಪ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಹೆಡ್ ಮಾಸ್ತರನಾಗಿ, ಹೋದ ವರ್ಷ ನಿವೃತ್ತನಾದವನು. ಅವನ ಅಪ್ಪ ಕಂಡವರ ಹೊಲದಲ್ಲಿ ಕೂಲಿ ಮಾಡಿದವನು. ಮಗನ ಮನೆಯಲ್ಲಿ ಗೋಡೆಯ ಮೇಲೆ ಬುದ್ಧನ ಪಟ, ಕಪಾಟಿನ ತುಂಬ ಪುಸ್ತಕ. ಅಷ್ಟು ಓದಿದ ಮನುಷ್ಯ ಗಾದಿ ಹೊಲಿಯುವವನನ್ನು ‘ಅಣ್ಣಾ’ ಎಂದು ಕರೆದು, ತಾನೇ ತಾಟು ಇಟ್ಟು ಬಡಿಸುತ್ತಿದ್ದ. “ಎಂಥಾ ಸಂಸ್ಕಾರ ನೋಡು” ಎಂದು ಮೀರಾಹುಸೇನ ಹೆಂಡತಿಯ ಮುಂದೆ ಹೊಗಳುವನು. ಹೆಂಡತಿ ಹತ್ತಿ ತುರುಕುವಳು.

ಎಲ್ಲ ಕೆಟ್ಟದ್ದು ಉಗುಳಿನಿಂದ. ಕಿರಿಮಗಳು ಗುಲ್ಫಶಾ ರಾಯಚೂರಿನ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಒಂದು ಸಂಜೆ ಎರಡು ಸಣ್ಣ ಡಬ್ಬಿ ಹಿಡಿದು ಅಂಗಡಿಗೆ ಬಂದಳು. ಮನೆಯಲ್ಲೇ ಕೂತು ನಳಿಗೆಯೊಳಗೆ ಉಗುಳಿ ಕಳಿಸಿದರೆ ನಮ್ಮ ಹಿರಿಯರು ಎಲ್ಲಿಯವರು, ನಮ್ಮ ಬಳಗದವರು ಯಾರು ಎಂದು ಮೊಬೈಲಿನಲ್ಲಿ ಬರುತ್ತದಂತೆ. ಒಂದು ಕೊಂಡರೆ ಇನ್ನೊಂದು ಪುಕ್ಕಟೆ ಎಂದು ಲ್ಯಾಬಿನವರು ಕೊಟ್ಟಿದ್ದರು.

“ದಿನಾ ಏಳು ತಲಿಮಾರು ಅಂತಿ. ಒಮ್ಮೆ ನೋಡೇಬಿಡೂಣು ಅಬ್ಬಾ” ಎಂದಳು.

ಅಂಗಡಿಯ ಗೋಡೆಗೆ ಉಗುಳಿದವರನ್ನು ಗಲ್ಲಿಯ ತುದಿಯವರೆಗೂ ಅಟ್ಟಿಸಿಕೊಂಡು ಹೋಗಿ ಬೈದವನು ಮೀರಾಹುಸೇನ. ಅಂಥವನು ಕುರ್ಚಿಯ ಮೇಲೆ ನೆಟ್ಟಗೆ ಕೂತು, ನಾಲ್ಕು ಜನ ನೋಡಲೆಂದು, ಗೆರೆ ಮುಟ್ಟುವವರೆಗೂ ಉಗುಳಿದ. “ಹಿರೇರು ಬಗ್ದಾದಿಂದ ಬಂದೋರು ಅಂತ ನಮ್ಮಬ್ಬಾ ಹೇಳ್ತಿದ್ದ. ಅದೂ ಬರ್ತದೇನ್ ನೋಡು” ಎಂದು ಮಗಳಿಗೆ ತಾಕೀತು ಮಾಡಿದ. ಎರಡನೆಯ ಡಬ್ಬಿ ಮಾನ್ವಿಗೆ, ತಂಗಿ ಮುಸರ್ರತ್ತಳಿಗೆ ಹೋಯಿತು. ಅವಳ ಬಾಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಎಲೆ ಅಡಿಕೆ. ಉಗುಳು ಎಂದರೆ ಉಗುಳಿದಳು. ಹದಿನೈದು ದಿನ ಬಿಟ್ಟು ಕಂಪನಿಯಿಂದ ಕಾಗದ ಬಂತು: ನೀವು ಕಳಿಸಿದ್ದು ಕೆಂಪಗಿದೆ, ಪರೀಕ್ಷೆಗೆ ಯೋಗ್ಯವಲ್ಲ, ಬಾಯಿ ತೊಳೆದು ಮತ್ತೊಮ್ಮೆ ಕಳಿಸಿ. ಮುಸರ್ರತ್ ಅರ್ಧ ದಿನ ಎಲೆ ಬಿಟ್ಟಳು. ಮನೆಯವರೆಲ್ಲ ಆ ಅರ್ಧ ದಿನವನ್ನು ಇನ್ನೂ ನೆನೆಸುತ್ತಾರೆ, ಆಕೆ ಅಷ್ಟು ಜಗಳ ಮಾಡಿದ್ದಳು.

ಹೀಗಾಗಿ ಅಣ್ಣನ ಫಲಿತಾಂಶ ಮೊದಲು ಬಂತು. ಬಗ್ದಾದು ಇರಲಿಲ್ಲ. ಹೈದರಾಬಾದು ಕೂಡ ಇರಲಿಲ್ಲ. ಎಲ್ಲ ಇಲ್ಲಿಯದೇ, ಈ ಕರಿಮಣ್ಣಿನದೇ. ಮೀರಾಹುಸೇನ ಅದನ್ನು ಹೇಗೋ ನುಂಗಿಕೊಂಡ. ಆದರೆ ಗುಲ್ಫಶಾ ಬೆರಳಿಂದ ಪರದೆ ಸರಿಸುತ್ತಿದ್ದವಳು ಒಮ್ಮೆಲೇ ನಿಂತಳು.

“ಅಬ್ಬಾ, ಇಲ್ಲಿ ನಿನಗ ಒಬ್ಬ ತಮ್ಮ ಅದಾನ ಅಂತ ಬಂದದ.”

“ತಮ್ಮ? ಯಾವ ತಮ್ಮ?”

“ಮೌನಪ್ಪ, ದೇವದುರ್ಗ.”

ಮೌನಪ್ಪ ಮಾಸ್ತರನೂ ಅದೇ ಕಂಪನಿಗೆ ಉಗುಳಿದ್ದ. ವಿಜ್ಞಾನ ಕಲಿಸಿದವನು, ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ತರಿಸಿಕೊಂಡಿದ್ದ.

ಮೀರಾಹುಸೇನನ ತಲೆ ನೆಟ್ಟಗೆ ಒಂದೇ ಕಡೆ ಓಡಿತು: ತೀರಿಹೋದ ಅಬ್ಬಾನ ಕಡೆ. ಹೆಗಲ ಮೇಲೆ ಹತ್ತಿ ಹಿಂಜುವ ಬಿಲ್ಲು ಹೊತ್ತು ಹಳ್ಳಿಹಳ್ಳಿ ತಿರುಗಿದವನು ಅಬ್ಬಾ. ಗೌಡರ ಮನೆಯಲ್ಲಿ ಗಾದಿ ಹೊಲಿಯಲು ಕೂತರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಐದು ಹೊತ್ತಿನ ನಮಾಜು ಬಿಡದ, ಯಾರ ಮುಖವನ್ನೂ ತಲೆ ಎತ್ತಿ ನೋಡದ ಮನುಷ್ಯ. ಅಂಥವನು ಹೀಗೆ ಮಾಡಿದನೇ? ಮತ್ತೆ ಆ ತೌಡು! ಅದು ಹರಕೆಯಲ್ಲ, ಅಬ್ಬಾ ಮಾಡಿದ ತಪ್ಪಿಗೆ ಅಮ್ಮಿ ಕಟ್ಟುತ್ತಿರುವ ದಂಡ ಎಂದು ತನಗೆ ತಾನೇ ತೀರ್ಮಾನ ಮಾಡಿಕೊಂಡ. ದಂಡವಾದರೆ ಆ ಕಡೆಯಿಂದ ಯಾಕೆ ಬರುತ್ತದೆ ಎಂದು ಯೋಚಿಸುವ ತಾಳ್ಮೆ ಅವನಿಗಿರಲಿಲ್ಲ.

ಶುಕ್ರವಾರ ಮಾನ್ವಿಗೆ ಹೋಗಿ, ತಾಯಿಗೆ ಮುಖ ತೋರಿಸದೆ, ಖಬರಸ್ತಾನಕ್ಕೆ ನಡೆದ. ಅಬ್ಬಾನ ಗೋರಿಯ ಮುಂದೆ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸಿ ಬೈದ. “ಗಾದಿ ಹೊಲ್ಯಾಕ ಹೋಗಿದ್ದೇನ್ ನೀನು? ಹೇಳು. ಅಮ್ಮಿ ಇಲ್ಲಿ ನಿನ್ನ ದಾರಿ ಕಾಯಾಕತ್ತಿದ್ಲು. ನೀ ಅಲ್ಲಿ ಏನು ಹೊಲ್ಯಾಕತ್ತಿದ್ದಿ?” ಪಕ್ಕದಲ್ಲಿ ಹುಲ್ಲು ಮೇಯುತ್ತಿದ್ದ ಆಡೊಂದು ತಲೆ ಎತ್ತಿ ನೋಡಿ ಮತ್ತೆ ಮೇಯಲು ಹತ್ತಿತು. ಮೀರಾಹುಸೇನನಿಗೆ ಅಳು ಬಂತು. ಇಷ್ಟು ವರ್ಷ ಏಳು ತಲೆಮಾರೆಂದು ಹೊಗಳಿದ್ದರಲ್ಲಿ ಕೊನೆಯ ತಲೆಮಾರೇ ಹೀಗಾಯಿತಲ್ಲ ಎಂದು.

ಎಳ್ಳಮವಾಸ್ಯೆಗೆ ಹತ್ತು ದಿನ ಇದ್ದಾಗ ಮುಸರ್ರತ್ತಳ ಫಲಿತಾಂಶ ಬಂತು. ಗುಲ್ಫಶಾ ಅಂಗಡಿಗೆ ಬಂದು ಅಪ್ಪನ ಹತ್ತಿರ ಕೂತಳು. ಮುಸರ್ರತ್ತಳಿಗೂ ಮೌನಪ್ಪನಿಗೂ ಸಂಬಂಧವಿಲ್ಲ. ಅದು ಇರಲಿ, ಮುಸರ್ರತ್ತಳಿಗೂ ಮೀರಾಹುಸೇನನಿಗೂ ಸಂಬಂಧವಿಲ್ಲ. ಎಳ್ಳಿನಷ್ಟೂ ಇಲ್ಲ.

“ಎಲಿ ಅಡಿಕಿ ಪರೀಕ್ಷೆ ಮಾಡಿ ಕಳಿಸ್ಯಾರ ಅವರು” ಎಂದ ಮೀರಾಹುಸೇನ.

“ಇಲ್ಲ ಅಬ್ಬಾ. ಸರಿಯಾಗೇ ಬಂದದ.” ಮಗಳು ಅವನ ಕೈ ಹಿಡಿದುಕೊಂಡಳು. “ನೀನೂ ಮೌನಪ್ಪ ಮಾಸ್ತರ್ರೂ ಒಂದೇ ತಾಯಿ ತಂದಿ ಮಕ್ಕಳು. ನೀ ಇಲ್ಲೀಯಾಂವ ಅಲ್ಲ. ಅಲ್ಲೀಯಾಂವ.”

ಅವನಿಗೆ ಮೊದಲು ನೆನಪಾದದ್ದು ಸುಮ್ಮಸುಮ್ಮನೆ ಬೈಸಿಕೊಂಡ ಅಬ್ಬಾ. ಆಮೇಲೆ ಅಮ್ಮಿ. ಆಮೇಲೆ ಬೇರೆ ಯಾರೂ ನೆನಪಾಗಲಿಲ್ಲ, ಅಮ್ಮಿಯೊಬ್ಬಳೇ. ಅರವತ್ಮೂರು ವರ್ಷ ಯಾರನ್ನು ತನ್ನ ಹೊಟ್ಟೆಯ ಮಗ ಎಂದು ಸಾಕಿದಳೋ ಅವನು ಬೇರೆಯವರ ಮಗ ಎಂದು ಗೊತ್ತಾದರೆ ಮುದುಕಿ ಉಳಿಯುತ್ತಾಳೆಯೇ? ಎಲ್ಲೋ ಆಸ್ಪತ್ರೆಯಲ್ಲಿ ಕೂಸು ಅದಲುಬದಲಾಗಿರಬೇಕು, ಪಾಪ ಅಮ್ಮಿಗೆ ತಿಳಿದಿಲ್ಲ ಎಂದು ನಂಬಿದ. ಆ ಕಾಲದಲ್ಲಿ ಅವನು ಹುಟ್ಟಿದ ಹಿರೇಕೊಟ್ನೆಕಲ್ಲಿನಲ್ಲಿ ಆಸ್ಪತ್ರೆ ಎಲ್ಲಿತ್ತು ಎಂದು ಮಗಳು ಕೇಳಿದ್ದು ಅವನ ಕಿವಿಗೆ ಬೀಳಲಿಲ್ಲ. “ಈ ಮಾತು ಅಮ್ಮಿಗೆ ಹೋಗಬಾರದು. ನಿಮ್ಮವ್ವಗೂ ಹೋಗಬಾರದು” ಎಂದು ಮಗಳಿಂದ ಆಣೆ ಮಾಡಿಸಿಕೊಂಡ.

ಮಾರನೆಯ ದಿನ ಗಿರಾಕಿಯೊಬ್ಬರು ಹತ್ತಿ ತಂದರು. ಚಿಟಿಕೆ ತೆಗೆದ, ಎಳೆದ, ಕಣ್ಣು ಮುಚ್ಚಿದ. ಏನೂ ಬರಲಿಲ್ಲ. “ಬಾಗಲವಾಡದ್ದು” ಎಂದ ಅಂದಾಜಿಗೆ. “ಇಲ್ರಿ, ಹಿರೇಕೊಟ್ನೆಕಲ್ಲಿಂದು” ಎಂದರು ಅವರು. ಆ ಊರಿನ ಹೆಸರು ಕೇಳಿ ಅವನಿಗೆ ಬೆವರು ಬಂತು. ಗಾದಿ ಹೊಲಿಯಲು ಕೂತರೆ ಅಂಚು ಹಾವಿನಂತೆ ಡೊಂಕು ಬಿತ್ತು. ಬಿಚ್ಚಿ ಹೊಲಿದ, ಇನ್ನೂ ಡೊಂಕಾಯಿತು. ಮೂರನೆಯ ಸಲ ಸೂಜಿಯನ್ನು ಹೆಂಡತಿಯ ಕಡೆ ಎಸೆದು, “ನೀ ಹಾಕು. ನನ್ನ ಕೈಯಾಗ ಏನೂ ಇಲ್ಲ” ಎಂದ.

ಜೈನಾಬ್ ಸೂಜಿ ಎತ್ತಿಕೊಂಡು ಅರ್ಧ ತಾಸಿನಲ್ಲಿ ನಾಲ್ಕೂ ಅಂಚು ಮುಗಿಸಿದಳು. ನೂಲು ಹಿಡಿದು ಎಳೆದಷ್ಟು ನೇರವಾಗಿತ್ತು. ಮೀರಾಹುಸೇನ ಬಾಯಿ ಬಿಟ್ಟು ನೋಡಿದ.

“ನಿನಗ ಯಾರು ಕಲಿಸಿದ್ರು?”

“ಅಮ್ಮಿ. ನೀ ತೌಡು ತರಾಕ ಹೋದಾಗೆಲ್ಲ ನಾನೇ ಹಾಕ್ತೀನಿ. ಬಂದು ನೋಡಿ, ‘ರಕ್ತದಾಗ ಬಂದದ್ದು’ ಅಂತಿದ್ದಿ. ಯಾಕ ಮನಸ್ಸು ನೋಯಿಸಬೇಕು ಅಂತ ಸುಮ್ಮನಿದ್ದೆ.” ಹಲ್ಲಿನಿಂದ ದಾರ ಕಡಿದಳು. “ಅಂದಹಾಗ, ದೇವದುರ್ಗದ್ದು ನಿನಗ ಗೊತ್ತಾತಂತಲ್ಲ.”

ಅವನು ಗುಲ್ಫಶಾಳ ಮೇಲೆ ಸಿಟ್ಟಾಗಲು ಹೊರಟ. ಜೈನಾಬ್ ತಡೆದಳು. “ಅಕಿ ಹೇಳಲಿಲ್ಲ. ನಿನ್ನ ಮುಖ ಹೇಳ್ತು. ನನಗ ಮದುವಿ ಮಾತುಕತಿಯಾಗೇ ಗೊತ್ತಿತ್ತು. ಹುಡುಗ ತೌಡಿನಾಂವ ಅಂತ ಹೇಳೇ ಸಂಬಂಧ ತಂದಿದ್ರು. ನಮ್ಮಪ್ಪ, ಬಾಳೇ ಮಾಡಾಕ ರಕ್ತ ಯಾಕ ಬೇಕು, ಕೈ ಬೇಕು ಅಂದ.”

“ತೌಡಿನಾಂವ ಅಂದ್ರೇನು?”

“ಅದನ್ನ ಮುಸರ್ರತ್ತನ್ನ ಕೇಳು. ನಾ ಹೇಳಬಾರದು, ಆಣಿ ಮಾಡೀನಿ.”

ಮೂವತ್ತೆಂಟು ವರ್ಷ! ಬಳೆ ಮಾರುವವರ ರಕ್ತ ಎಂದು ದಿನಾ ಹಂಗಿಸುತ್ತಿದ್ದಾಗ ಇವಳು ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಹತ್ತಿ ತುರುಕುತ್ತಿದ್ದಳು. ಮೀರಾಹುಸೇನನಿಗೆ ನಾಚಿಕೆಯಿಂದ ಕೂತಲ್ಲಿ ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮಾನ್ವಿಯ ಬಸ್ಸು ಹತ್ತಿದ.

ಮುಸರ್ರತ್ ಅಂಗಳದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ತನ್ನ ಫಲಿತಾಂಶ ನೋಡಿ ಅವಳಿಗೆ ಏನೂ ಆಗಿರಲಿಲ್ಲ. ಅಣ್ಣ ಅವಳ ಕಿವಿಯ ಹತ್ತಿರ ಬಗ್ಗಿ, “ತೌಡಿನಾಂವ ಅಂದ್ರೇನು, ಮೆಲ್ಲಕ ಹೇಳು, ಅಮ್ಮಿಗೆ ಕೇಳಿಸಬಾರದು” ಎಂದ. ಅವಳು ಮೆಲ್ಲಗೆ ಮಾತಾಡಿದ್ದು ಹುಟ್ಟಿದಾಗಿನಿಂದ ಇಲ್ಲ.

“ಗೋಪಮ್ಮಗ ಮೂರು ಮಕ್ಕಳು ಹುಟ್ಟಿ ಮೂರೂ ತಿಂಗಳು ತುಂಬೂದ್ರಾಗ ಹೋದ್ವು. ನಾಕನೇದಾಂವ ನೀನು. ಆವಾಗ ಅವರು ಹಿರೇಕೊಟ್ನೆಕಲ್ಲಿನಾಗಿದ್ರು. ಮಕ್ಕಳು ಉಳೀದಿದ್ರ ಹುಟ್ಟಿದ ಕೂಸನ್ನ ತಿಪ್ಪಿ ಮ್ಯಾಲಿಟ್ಟು ಒಂದು ಮೊರ ತೌಡಿಗೆ ಮಾರ್ತಾರ, ನಿನಗ ಗೊತ್ತಿಲ್ಲೇನು? ಬ್ಯಾರೇದೋರ ಕೂಸು ಅಂದ್ರ ಸಾವು ಮುಟ್ಟಂಗಿಲ್ಲ ಅಂತ. ಅಬ್ಬಾ ಅಮ್ಮಿ ಗೌಡರ ಮನಿಗೆ ಗಾದಿ ಹೊಲ್ಯಾಕ ಹೋಗಿದ್ರು. ಅಮ್ಮಿದೂ ಒಂದು ಕೂಸು ಅದಕ್ಕಿಂತ ಎಂಟು ದಿನದ ಹಿಂದ ತೀರಿತ್ತು. ಎದಿಯಾಗ ಹಾಲಿತ್ತು. ಗೋಪಮ್ಮಗ ಜ್ವರ ಬಂದು ಹಾಲೇ ಇರಲಿಲ್ಲ. ಅಮ್ಮಿ ಗೌಡರ ಮನಿಯಾಗ ಒಂದು ಮೊರ ತೌಡು ಕೇಳಿ ಇಸಕೊಂಡು ಹೋಗಿ ನಿನ್ನ ತಗೊಂಡ್ಲು.”

“ಮತ್ತ ವಾಪಸ್ ಕೊಡಲಿಲ್ಲ?”

“ಐದು ವರ್ಷ ತುಂಬಿದ ಮ್ಯಾಲ ಅದೇ ತೌಡು ಕೊಟ್ಟು ಬಿಡಿಸಿಕೋಬೇಕು. ಗೋಪಮ್ಮ ಬಂದ್ಲು, ನಿನಗ ದಡಾರ ಎದ್ದಿತ್ತು. ಮರುವರ್ಷ ಬಂದ್ಲು, ಬೇವಿನ ಗಿಡದಿಂದ ಬಿದ್ದು ಕೈ ಮುರ್ಕೊಂಡಿದ್ದಿ. ಮೂರನೇ ವರ್ಷ ನೀನೇ ಹತ್ತಿ ರಾಶಿಯೊಳಗ ಹೊಕ್ಕೊಂಡು ಕುಂತಿ, ಹೊರಗ ಬರಲೇ ಇಲ್ಲ. ಆವಾಗ ಗೋಪಮ್ಮನ ಹೊಟ್ಟಿಯಾಗ ಮೌನಪ್ಪ ಹುಟ್ಟಿ ಐದು ವರ್ಷ ಆಗಿತ್ತು, ಗಟ್ಟಿ ಇದ್ದ. ಇಬ್ಬರೂ ಮಾತಾಡಿಕೊಂಡ್ರು. ಈ ಯಾಪಾರ ಮುಗಿಸೂದು ಬ್ಯಾಡ. ಪ್ರತಿ ವರ್ಷ ಅಕಿ ಬಿಡಿಸಿಕೊಳ್ಳಾಕ ತೌಡು ಕ‌ಳಿಸಬೇಕು, ಇಕಿ ಒಲ್ಲೆ ಅಂತ ವಾಪಸ್ ಕಳಿಸಬೇಕು. ಸಾವು ಗೋಪಮ್ಮನ ಬಾಗಿಲಿಗೆ ಬಂದ್ರ ‘ನಮ್ಮಾಂವ ಅಲ್ಲ, ಮಾರೀವಿ’ ಅಂತಾಳ. ಇಲ್ಲಿಗೆ ಬಂದ್ರ ಅಮ್ಮಿ ‘ನಮ್ಮಾಂವ ಅಲ್ಲ, ಬಿಡಿಸಿಕೊಳ್ಳಾಕ ಬಂದಾರ’ ಅಂತಾಳ. ಅದಕ್ಕ ವಿಳಾಸ ಸಿಗಂಗಿಲ್ಲ. ನಿನಗ ಯಾಕ ಹೇಳಲಿಲ್ಲ ಅಂದ್ರ, ನಿನ್ನ ಬಾಯಿ. ಸಾವಿಗೂ ಏಳು ತಲಿಮಾರು ಒಪ್ಪಿಸಿಬಿಟ್ಟೀಯ ಅಂತ.”

“ಯಾರ್ಯಾರಿಗೆ ಗೊತ್ತು?”

“ಯಾರಿಗೆ ಗೊತ್ತಿಲ್ಲ ಕೇಳು. ಹಿರೇಕೊಟ್ನೆಕಲ್ ಬಸ್ ನಿಲ್ದಾಣದಾಗ ಚಾ ಮಾರಾಂವಗೂ ಗೊತ್ತು.”

ಮೀರಾಹುಸೇನ ಮೆಟ್ಟಿಲ ಮೇಲೆ ಕೂತ. ಬುದ್ಧಿ ಬಂದಾಗಿನಿಂದ ತನ್ನ ಬೆಲೆಯನ್ನು ತಾನೇ ಚೀಲದಲ್ಲಿ ಹೊತ್ತು ತಂದಿದ್ದ. ತನ್ನನ್ನು ಬಿಟ್ಟುಕೊಡುವುದಿಲ್ಲ ಎಂಬ ಮಾತನ್ನು ತಾನೇ ಹೋಗಿ ಮುಟ್ಟಿಸಿದ್ದ, ಅದೂ ದಾರಿಯುದ್ದಕ್ಕೂ ಗೊಣಗುತ್ತ.

ಒಳಕೋಣೆಯಿಂದ ರಂಜಾನಬಿ ಕೋಲೂರಿಕೊಂಡು ಹೊರಗೆ ಬಂದಳು. ಮುಸರ್ರತ್ತಳ ದನಿಗೆ ಇಡೀ ಓಣಿ ಕೇಳಿಸಿಕೊಂಡಿತ್ತು, ಆಕೆಗೆ ಕೇಳದಿರುತ್ತದೆಯೇ? ಮಗನನ್ನು ನೋಡಲಿಲ್ಲ.

“ಕಾಗದದಾಗ ಬರೆದು ಕೊಟ್ಟಾರೇನು, ಇಂವ ಯಾರಾಂವ ಅಂತ?”

“ಮೊಬೈಲ್‌ದಾಗ ಬಂದದ ಅಮ್ಮೀ” ಎಂದಳು ಮುಸರ್ರತ್.

“ಈ ಸಲ ತೌಡು ನೀ ತರಬ್ಯಾಡ” ಎಂದು ಮಗನಿಗೆ ಹೇಳಿದಳು. “ಗೋಪಮ್ಮ ತಾನೇ ತರಲಿ. ತಗೋತೀನೋ ಬಿಡ್ತೀನೋ, ಅಕಿ ಮುಂದ ಹೇಳ್ತೀನಿ.” ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಲ್ಲಿಂದ ಹತ್ತು ಹನ್ನೆರಡು ದಿನ ಮೀರಾಹುಸೇನ ಪಟ್ಟ ಪಾಡು ಶತ್ರುವಿಗೂ ಬೇಡ. ಅಮ್ಮಿ ತೌಡು ತೆಗೆದುಕೊಂಡರೆ ಮುಗಿಯಿತು. ಗೋಪಮ್ಮ ಒಳ್ಳೆಯವಳು, ಮೌನಪ್ಪ ಬಂಗಾರದಂಥವನು, ಅದರ ಮಾತಲ್ಲ. ಆದರೆ ಅರವತ್ಮೂರನೆಯ ವಯಸ್ಸಿನಲ್ಲಿ ಅಮ್ಮಿ ತನ್ನನ್ನು ಬಿಟ್ಟುಕೊಟ್ಟಳು ಎಂದರೆ ಅವನು ಎಲ್ಲಿ ಮುಖ ಇಟ್ಟುಕೊಳ್ಳಬೇಕು? ಗೋಪಮ್ಮನನ್ನು ಕರೆಯಲೆಂದು ದೇವದುರ್ಗಕ್ಕೆ ಹೋದವನು ಮೌನಪ್ಪನನ್ನು ಹಿತ್ತಲಿಗೆ ಕರೆದೊಯ್ದ.

“ಮಾಸ್ತರ್ರ, ಈ ವರ್ಷ ಮಿಲ್ಲಿನಾಗ ತೌಡೇ ಸಿಗಲಿಲ್ಲ ಅಂತ ಹೇಳಾಕ ಬರಂಗಿಲ್ಲೇನು?”

“ನಾ ಸುಳ್ಳು ಹೇಳಂಗಿಲ್ಲ ಅಣ್ಣಾ.”

“ಅರವತ್ತು ವರ್ಷ ಸುಮ್ಮನಿದ್ರಲ್ಲ ಮತ್ತ?”

“ನೀ ಕೇಳಿರಲಿಲ್ಲ” ಎಂದ ಮೌನಪ್ಪ. “ಇದೆಲ್ಲ ನಾ ನಂಬಂಗಿಲ್ಲ ನೋಡು. ಮೂಢನಂಬಿಕೆ ಅಂತ ಮೂವತ್ತು ವರ್ಷ ಹುಡುಗರಿಗೆ ಪಾಠ ಮಾಡೀನಿ. ಆದ್ರ ಪ್ರತಿ ವರ್ಷ ಮಿಲ್ಲಿಗೆ ಹೋಗಿ ಫಸ್ಟ್ ಕ್ವಾಲಿಟಿ ತೌಡು ಆರಿಸಿ ತರಾಂವ ನಾನೇ. ನಿನ್ನ ವಿಷಯದಾಗ ವಿಜ್ಞಾನ ಒಂದೇ ಸಾಕಾಗಂಗಿಲ್ಲ ಅನಸ್ತದ” ಎಂದ. ಇಬ್ಬರೂ ಹಿತ್ತಲಿನ ಕಲ್ಲಿನ ಮೇಲೆ ಕೂತು ಎರಡೆರಡು ಸಲ ಚಾ ಕುಡಿದರು.

ಎಳ್ಳಮವಾಸ್ಯೆ ಕಳೆದ ಮೂರನೆಯ ದಿನ ಗೋಪಮ್ಮ ಮಗನೊಂದಿಗೆ ಬಾಡಿಗೆ ಕಾರಿನಲ್ಲಿ ಮಾನ್ವಿಗೆ ಬಂದಿಳಿದಳು. ಜೈನಾಬ್, ಗುಲ್ಫಶಾ ರಾಯಚೂರಿನಿಂದ ಬಂದಿದ್ದರು. ಇಬ್ಬರು ಮುದುಕಿಯರೂ ಒಂದೇ ಗಾದಿಯ ಮೇಲೆ ಕೂತರು. ಮೊದಲು ಮೊಣಕಾಲಿನ ಮಾತಾಯಿತು. ಆಮೇಲೆ ಹಲ್ಲು, ಆಮೇಲೆ ಬಿಪಿ ಗುಳಿಗೆ ಯಾರದು ದೊಡ್ಡದು ಎನ್ನುವುದು. ಮೀರಾಹುಸೇನ ಕಂಬಕ್ಕೆ ಒರಗಿ ನಿಂತು ಉಗುರು ಕಚ್ಚುತ್ತಿದ್ದ. ಗೋಪಮ್ಮ ಅವನನ್ನು ನೋಡಿ ನಕ್ಕಳು. ಪ್ರತಿ ಸಲ ‘ಯವ್ವಾ’ ಎಂದು ಸಲೀಸಾಗಿ ಕರೆಯುತ್ತಿದ್ದವನು ಈ ಸಲ ಕಂಬದ ಸುಣ್ಣ ಕೆರೆಯುತ್ತ ನಿಂತ.

“ಕರಿ. ಬಾಯಿ ಬಿದ್ದದೇನು?” ಎಂದಳು ರಂಜಾನಬಿ.

“ಯವ್ವಾ” ಎಂದ. ಗೋಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚೀಲ ಬಂತು. ಮುಸರ್ರತ್ ಮೊರ ತಂದಿಟ್ಟಳು. ಗೋಪಮ್ಮ ತೌಡು ಸುರಿದು, ಮೊರವನ್ನು ರಂಜಾನಬಿಯ ಮುಂದೆ ಸರಿಸಿದಳು. “ಅವಗ ಗೊತ್ತಾತು, ಮೊಬೈಲಿನಾಗೂ ಬಂತು. ವಿಳಾಸ ಇನ್ನ ಮುಚ್ಚಿಡಾಕ ಬರಂಗಿಲ್ಲ. ನಮಗೂ ವಯಸ್ಸಾತು. ನಿನಗ ಬ್ಯಾಸರಾಗಿದ್ರ ತಗೋ ರಂಜಾನ, ಒಮ್ಮೆ ಮುಗಿಸಿಬಿಡೂಣು. ನಾ ಏನೂ ಅನ್ಕೊಳ್ಳಂಗಿಲ್ಲ.”

ಮೀರಾಹುಸೇನನಿಗೆ ತಡೆಯಲಾಗಲಿಲ್ಲ. “ತಗೋಬ್ಯಾಡ ಅಮ್ಮೀ” ಎಂದ. “ನಾ ಎಲ್ಲಿ ಹೋಗಲಿ? ನಾ ನಿನ್ನ ಮಗ. ರಕ್ತದ ಮಾತು ಇನ್ನೊಮ್ಮೆ ಎತ್ತಂಗಿಲ್ಲ, ಆಣಿ ಮಾಡ್ತೀನಿ. ತಗೋಬ್ಯಾಡ.”

“ಯಾಪಾರದಾಗ ಮಾಲು ಮಾತಾಡಬಾರದು. ಸುಮ್ಮ ನಿಂದ್ರು” ಎಂದಳು ತಾಯಿ.

ಮೊರ ಹತ್ತಿರ ಎಳೆದುಕೊಂಡಳು. ಒಂದು ಚಿಟಿಕೆ ತೌಡು ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಉಜ್ಜಿ, ಕಣ್ಣು ಮುಚ್ಚಿದಳು. ಜೈನಾಬ್ ಗಂಡನ ಮೊಣಕೈ ತಿವಿದಳು. ತಿವಿಯುವುದು ಬೇಕಿರಲಿಲ್ಲ, ಮೀರಾಹುಸೇನ ಆಗಲೇ ಆ ಬೆರಳುಗಳನ್ನು ನೋಡುತ್ತಿದ್ದ. ಅದೇ ಎರಡು ಬೆರಳು, ಅದೇ ಉಜ್ಜುವುದು, ಅದೇ ಕಣ್ಣು ಮುಚ್ಚುವುದು. ಬಾಳೆಹಣ್ಣು ಮಾರುವವರ ಮನೆಯಿಂದ ಬಂದವಳು ಅಮ್ಮಿ, ಆಕೆಗೂ ಹತ್ತಿಯ ರಕ್ತವಿರಲಿಲ್ಲ. ತನ್ನ ಕೈ ಎಲ್ಲಿಂದ ಬಂತೆಂದು ಅವನಿಗೆ ಅರವತ್ಮೂರು ವರ್ಷಕ್ಕೆ ತಿಳಿಯಿತು.

ರಂಜಾನಬಿ ಕಣ್ಣು ತೆರೆದಳು. ಬೆರಳು ಕೊಡವಿದಳು.

“ತೌಡು ಛಲೋ ಇಲ್ಲ. ಬರೇ ಹೊಟ್ಟು. ಮುಂದಿನ ವರ್ಷ ಛಲೋದು ತಾ, ನೋಡೂಣು.”

“ಫಸ್ಟ್ ಕ್ವಾಲಿಟಿ ರೀ ಅದು. ನಾನೇ ಆರಿಸಿ...” ಎಂದು ಮೌನಪ್ಪ ಮಾಸ್ತರ ಬಾಯಿ ಹಾಕಿದ. ಗೋಪಮ್ಮ ಅವನ ತೊಡೆ ಚಿವುಟಿದಳು. “ಐವತ್ತೆಂಟು ವರ್ಷ ಆತು” ಎಂದು ಸೆರಗು ಬಾಯಿಗೆ ಹಿಡಿದು ನಗಹತ್ತಿದಳು, “ಒಮ್ಮೆಯಾದರೂ ನಿನಗ ನನ್ನ ತೌಡು ಪಸಂದ ಆಗಲಿಲ್ಲ.” ಇಬ್ಬರು ಮುದುಕಿಯರೂ ಒಬ್ಬರ ಮೈಮೇಲೆ ಒಬ್ಬರು ಬಿದ್ದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಯಾವ ನೀರು ನಗೆಯದು, ಯಾವುದು ಅಳುವಿನದು ಎಂದು ಯಾರೂ ಕೇಳಲು ಹೋಗಲಿಲ್ಲ.

ಗೋಪಮ್ಮ ಕಾರು ಹತ್ತುವಾಗ ಚೀಲವನ್ನು ಡಿಕ್ಕಿಯಲ್ಲಿಡಲು ಹೋದಳು. ರಂಜಾನಬಿ ಬಿಡಲಿಲ್ಲ. “ಅದು ಅವನ ಕೆಲಸ. ಬಸ್ಸಿನಾಗ ಹೊತ್ತು ಮುಟ್ಟಿಸಲಿ.”

ಮಾರನೆಯ ದಿನ ಮೀರಾಹುಸೇನ ಮೊದಲು ಖಬರಸ್ತಾನಕ್ಕೆ ಹೋಗಿ ಅಬ್ಬಾನ ಗೋರಿಗೆ ಒಂದು ಬೊಗಸೆ ಗುಲಾಬಿ ಹಾಕಿ, “ತಪ್ಪಾತು ಅಬ್ಬಾ, ನೀ ಗಾದಿಯೇ ಹೊಲ್ಯಾಕ ಹೋಗಿದ್ದಿ” ಎಂದು ಕೈಮುಗಿದ. ಆಮೇಲೆ ದೇವದುರ್ಗದ ಬಸ್ಸು ಹತ್ತಿ, ಚೀಲವನ್ನು ಸೀಟಿನ ಕೆಳಗೆ ನೂಕದೆ ತೊಡೆಯ ಮೇಲಿಟ್ಟುಕೊಂಡು ಕೂತ. ಹಳೆಯ ಕಂಡಕ್ಟರೇ ಇದ್ದ. ಜಗಳಕ್ಕೆ ತಯಾರಾಗಿಯೇ ಹತ್ತಿರ ಬಂದು ಲಗೇಜ್ ಟಿಕೆಟ್ ಕೇಳಿದ. ಮೀರಾಹುಸೇನ ಕೇಳಿದಷ್ಟು ಕೊಟ್ಟು, ಟಿಕೆಟನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

“ಈ ಸಲ ಜಗಳಿಲ್ಲೇನ್ರಿ?” ಎಂದ ಕಂಡಕ್ಟರ, ಸ್ವಲ್ಪ ನಿರಾಸೆಯಿಂದ.

“ಮುಂದಿನ ವರ್ಷ ನೋಡೂಣು” ಎಂದ ಮೀರಾಹುಸೇನ.